ವಲಸೆ ಬಂದ ಹುಡುಗಿಯ ಪಾತ್ರ

ಹತ್ತನೆಯ ವಯಸ್ಸಿನಲ್ಲಿ ನಾನು ಯೆಹೂದಿ ಹುಡುಗಿಯಾಗಬೇಕೆಂದು ತೀರ್ಮಾನಿಸಿದೆ. ಇದರ ಹಿಂದೆ ಧರ್ಮದ ಪ್ರಶ್ನೆಯೇನೂ ಇರಲಿಲ್ಲ. ನಾವು ವಲಸೆ ಬಂದಿದ್ದ ಟೌರಂಗಾ ಎಂಬ ದೂರದೇಶದ ಬಂದರು ಊರಿನಲ್ಲಿ, ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಒಂದು ಕಾದಂಬರಿ ಸಿಕ್ಕಿತ್ತು. ಹಿಂದಿನ ಶತಮಾನದ ಆರಂಭದಲ್ಲಿ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಿಳಿದ ಒಂದು ಯೆಹೂದಿ ಕುಟುಂಬದ ಕಥೆ. ಅಪ್ಪ ಕೋಟು ಹೊಲಿಯುತ್ತಾನೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಸಂತೆಯಲ್ಲಿ ಮಗಳೇ ಮಾತಾಡಬೇಕು. ಮಗಳಿಗೆ ಅಮ್ಮನ ತಲೆವಸ್ತ್ರ ಕಂಡರೆ ನಾಚಿಕೆ. ಆಮೇಲೆ, ಹಾಗೆ ನಾಚಿಕೊಂಡದ್ದಕ್ಕೆ ನಾಚಿಕೆ. ಇವುಗಳಲ್ಲಿ ಮೊದಲನೆಯ ನಾಚಿಕೆಯನ್ನು ನಾನು ಆಗಲೇ ಚೆನ್ನಾಗಿ ರೂಢಿಸಿಕೊಂಡಿದ್ದೆ.

ಹೋಲಿಕೆ ಅಲ್ಲಿಗೇ ಮುಗಿಯಬೇಕಿತ್ತು. ನಮ್ಮಪ್ಪ ಬಂದರಿನಲ್ಲಿ ಎಂಜಿನಿಯರ್ ಆಗಿದ್ದ. ನಾವು ಹುಬ್ಬಳ್ಳಿಯಿಂದ ವಿಮಾನದಲ್ಲಿ ಬಂದವರು, ದಾರಿಯಲ್ಲಿ ಐಸ್‌ಕ್ರೀಮ್ ಕೂಡ ಕೊಟ್ಟಿದ್ದರು. ಅಮ್ಮ ಎಂ.ಎಸ್ಸಿ. ಓದಿದವಳು, ಅವಳ ಇಂಗ್ಲಿಷಿನ ವ್ಯಾಕರಣ ನಮ್ಮ ಬೀದಿಯಲ್ಲೇ ಅತ್ಯಂತ ಶುದ್ಧವಾಗಿತ್ತು. ಆದರೂ ಆ ಹುಡುಗಿಯ ಕಷ್ಟಗಳೆಲ್ಲ ನನ್ನವೇ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಮಲಗುವ ಕೋಣೆಯ ಕಿಟಕಿಯಲ್ಲಿ ಶಾಲು ಹೊದ್ದು ನಿಂತು, ಕಾಣದ ಹಡಗುಗಳತ್ತ ನೋಡುತ್ತಿದ್ದೆ. ಕಿಟಕಿಗೆ ಕಾಣುತ್ತಿದ್ದುದು ಪಕ್ಕದ ಮನೆಯವರ ಬಟ್ಟೆ ಒಣಹಾಕುವ ತಂತಿ.

ಉಳಿದಿದ್ದ ಒಂದಿಷ್ಟು ಅನುಮಾನವನ್ನು ಅಡುಗೆಮನೆ ಪರಿಹರಿಸಿತು. ಕಾದಂಬರಿಯ ಅಮ್ಮ ಹಾಲಿನ ಪಾತ್ರೆಗಳನ್ನೇ ಬೇರೆ ಇಡುತ್ತಾಳೆ, ಮಾಂಸದ ಪಾತ್ರೆಗಳನ್ನೇ ಬೇರೆ. ಒಂದಕ್ಕೊಂದು ತಾಗುವಂತಿಲ್ಲ. ಆಗ ಧಾರವಾಡದಿಂದ ನಮ್ಮಲ್ಲಿಗೆ ಬಂದಿದ್ದ ಅಜ್ಜಿಯದೂ ಇದೇ ರಾಜ್ಯಭಾರ. ಬೇಯಿಸಿದ ಅನ್ನ, ಸಾರು ಮುಟ್ಟಿದರೆ ಕೈ ಮುಸುರಿಯಾಯಿತು. ಆ ಕೈಯನ್ನು ತೊಳೆಯದೆ ಹಾಲು, ಮೊಸರು, ತುಪ್ಪಕ್ಕೆ ಹಚ್ಚುವಂತಿಲ್ಲ. ಬಂದ ವಾರದಲ್ಲೇ ಅಜ್ಜಿ ಫ್ರಿಜ್ಜಿನ ಮೇಲಿನ ಅಂಕಣವನ್ನು ವಶಪಡಿಸಿಕೊಂಡಿದ್ದಳು. ಅಲ್ಲಿ ಹಾಲು ಮೊಸರಿನ ಹೊರತು ಬೇರೆ ಯಾವುದಕ್ಕೂ ಪ್ರವೇಶವಿರಲಿಲ್ಲ.

ನ್ಯೂಯಾರ್ಕಿನ ಆ ಮನೆಯ ಪದ್ಧತಿಯನ್ನು ಅಜ್ಜಿಗೆ ವಿವರಿಸಿದೆ. ಮಾಂಸ ಎಂಬಲ್ಲಿ ಹುಳಿ ಎಂದು ಬದಲಾಯಿಸಿಕೊಂಡೆ. ಅಜ್ಜಿ ಮೆಚ್ಚಿ ತಲೆಯಾಡಿಸಿದಳು. “ಛಲೋ ಮಂದಿ ಇದ್ದಾರ. ಯಾವ ಮಠದವ್ರಂತ?”

ವರ್ಷದ ಕೊನೆಗೆ ನಮ್ಮ ಟೀಚರ್ ಅದೇ ಕಾದಂಬರಿಯನ್ನು ನಾಟಕ ಮಾಡಿಸುವುದಾಗಿ ಹೇಳಿದರು. ನನಗೆ ಆ ಹುಡುಗಿಯ ಪಾತ್ರ ಬೇಕಿತ್ತು. ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಏನನ್ನೂ ಬಯಸಿರಲಿಲ್ಲ. ತರಗತಿಯಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆಯದವಳು ಅಂದು ಎಲ್ಲರಿಗಿಂತ ಮೊದಲು ಕೈ ಎತ್ತಿದೆ. ನಾನು ಶೌಚಾಲಯಕ್ಕೆ ಹೋಗಬೇಕೆನ್ನುತ್ತಿದ್ದೇನೆಂದು ಭಾವಿಸಿ ಟೀಚರ್ ಹೋಗಿ ಬಾ ಎಂದರು. ಎದ್ದು ಹೋಗಿ ಬಂದೆ. ಬರುವಷ್ಟರಲ್ಲಿ ಇನ್ನೂ ನಾಲ್ಕು ಹುಡುಗಿಯರು ಹೆಸರು ಕೊಟ್ಟಿದ್ದರು; ನಾನು ಐದನೆಯವಳಾದೆ.

ಪಾತ್ರದ ಆಯ್ಕೆಗೆ ಒಂದು ಪುಟ ಗಟ್ಟಿಯಾಗಿ ಓದಬೇಕಿತ್ತು. ಇಲ್ಲಿ ನನ್ನ ಇನ್ನೊಂದು ಸಾಧನೆಯ ಬಗ್ಗೆ ಹೇಳಬೇಕು. ಈ ದೇಶಕ್ಕೆ ಬಂದಂದಿನಿಂದ ನಾನು ಕನ್ನಡಿಯ ಮುಂದೆ ನಿಂತು ಇಲ್ಲಿಯವರ ಇಂಗ್ಲಿಷ್ ಉಚ್ಚಾರಣೆಯನ್ನು ಅಭ್ಯಾಸ ಮಾಡಿದ್ದೆ. ಫಿಶ್ ಅನ್ನು ಫಶ್ ಎನ್ನಬೇಕು. ಪೆನ್ ಕೇಳುವಾಗ ಪಿನ್ ಎನ್ನಬೇಕು. ಊಟಕ್ಕೆ ಕೂತಾಗ ಅಮ್ಮನ ಸಿಕ್ಸನ್ನು ಸಕ್ಸ್ ಎಂದು ತಿದ್ದುತ್ತಿದ್ದೆ. ಅಮ್ಮ ತನ್ನ ಎಂ.ಎಸ್ಸಿ.ಯ ಘನತೆಯಿಂದ ನನಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು. ಆ ಎಲ್ಲ ವಿದ್ಯೆಯನ್ನೂ ಒಟ್ಟುಗೂಡಿಸಿ ಪುಟವನ್ನು ಓದಿದೆ. ಒಂದು ಸ್ವರವೂ ಹುಬ್ಬಳ್ಳಿಯತ್ತ ಜಾರಲಿಲ್ಲ.

“ಬಹಳ ಚೆನ್ನಾಗಿ ಓದಿದೆ,” ಎಂದರು ಟೀಚರ್. “ಆದರೆ ಈ ಹುಡುಗಿ ಈಗಷ್ಟೇ ಹಡಗಿನಿಂದ ಇಳಿದವಳು. ನಿನ್ನದು ಇಲ್ಲೇ ಹುಟ್ಟಿ ಬೆಳೆದವಳ ಮಾತು.”

ಈ ಮಾತನ್ನು ಯಾರಾದರೂ ಹೇಳಲಿ ಎಂದು ನಾನು ವರ್ಷಗಟ್ಟಲೆ ಕಾದಿದ್ದೆ. ಬೇರೆ ಯಾವ ದಿನವಾಗಿದ್ದರೂ ಮನೆಯವರೆಗೆ ಹಾರಿಕೊಂಡು ಹೋಗುತ್ತಿದ್ದೆ.

ನನಗಿಂತಲೂ ತಡವಾಗಿ ಹೆಸರು ಕೊಟ್ಟು ನನ್ನ ನಂತರ ಓದಿದವಳು ಪಕ್ಕದ ಮನೆಯ ಹುಡುಗಿ. ಅವರದು ಕಿವಿಹಣ್ಣಿನ ತೋಟ. ಮೆಕ್ಕೆಜೋಳದ ತೆನೆಯ ಕೂದಲಿನಂಥ ಕೂದಲು, ಮೂಗಿನ ಮೇಲೆ ಬಿಸಿಲಿನ ಚುಕ್ಕೆಗಳು. ಶಾಲೆ ಬಿಟ್ಟ ಮೇಲೆ ಅವಳು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಒಗ್ಗರಣೆ ಅವಲಕ್ಕಿ ತಿನ್ನುವುದು ವಾಡಿಕೆ. ಬಾಯಿ ತೆರೆದಳು, ಹೊರಬಂದದ್ದು ನನ್ನ ಅಮ್ಮ. ನಾಲಿಗೆ ಮಡಿಚಿ ಹೇಳುವ ಟ, ಡ, ಉರುಳುವ ರ, ಪ್ರತಿ ವಾಕ್ಯದ ಕೊನೆಗೆ ತಲೆಯ ಸಣ್ಣ ಅಲ್ಲಾಟ. ಗೇಲಿಯ ಸುಳಿವೇ ಇರಲಿಲ್ಲ, ತುಂಬ ಪ್ರೀತಿಯಿಂದ ಕಲಿತಂತಿತ್ತು. ಹಾಗಾಗಿ ಸಿಟ್ಟು ಮಾಡಿಕೊಳ್ಳುವ ಅವಕಾಶವೂ ನನಗೆ ಸಿಗಲಿಲ್ಲ. ಪಾತ್ರ ಅವಳದಾಯಿತು. ವಲಸೆ ಬಂದವಳ ಪಾತ್ರ, ವಲಸೆ ಬಂದವಳ ಹಾಗೆ ಮಾತಾಡುವುದಿಲ್ಲವೆಂಬ ಕಾರಣಕ್ಕೆ, ವಲಸೆ ಬಂದವಳ ಕೈತಪ್ಪಿತು. ನನಗೆ ಸಿಕ್ಕಿದ್ದು ಅದೇ ಕಟ್ಟಡದ ನೆರೆಯವರ ಗುಂಪಿನಲ್ಲಿ ಒಂದು ಸ್ಥಾನ. ಶಾಲು ಹೊದ್ದು ಹಿಂದೆ ನಿಲ್ಲಬೇಕು, ಮಾತಿಲ್ಲ.

ಅವಳು ಮಾತುಗಳನ್ನು ಬಾಯಿಪಾಠ ಮಾಡಲು ನಮ್ಮ ಮನೆಗೇ ಬರತೊಡಗಿದಳು. ಅಮ್ಮ ಅವಲಕ್ಕಿ ಕಲಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನನ್ನು ಕರೆದು, “ಹುಡುಗಿ ಛಂದ ಮಾತಾಡತಾಳ. ಯಾರೋ ಗುರ್ತಿನವ್ರು ಮಾತಾಡಿಧಂಗ ಅನಸ್ತದ,” ಎಂದಳು. ಸ್ವಲ್ಪ ಯೋಚಿಸಿ, ಗದಗಿನ ಅತ್ತೆಯ ಹಾಗೆ ಇರಬೇಕು ಎಂದು ತಾನೇ ಉತ್ತರ ಕಂಡುಕೊಂಡಳು.

ನಾಟಕ ಸತತ ಎರಡು ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿತ್ತು. ಮೊದಲ ದಿನ ಅಮ್ಮ, ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಜ್ಜಿ ಇಳಕಲ್ ಸೀರೆಯ ಮೇಲೆ ಅಪ್ಪನ ಮಳೆಕೋಟು ಹಾಕಿಕೊಂಡಿದ್ದಳು. ನಾನು ಅವರತ್ತ ನೋಡದೆ, ಇತಿಹಾಸದ ಭಾರವನ್ನೆಲ್ಲ ಹೊತ್ತ ಮುಖ ಮಾಡಿ ಹಿಂದೆ ನಿಂತಿದ್ದೆ. ಮಾತಿಲ್ಲದ ಪಾತ್ರದಲ್ಲೂ ಯಾರಾದರೂ ನನ್ನನ್ನು ಗಮನಿಸಿ, ಅಯ್ಯೋ ತಪ್ಪು ಹುಡುಗಿಯನ್ನು ಆರಿಸಿದೆವಲ್ಲ ಎಂದುಕೊಳ್ಳಲಿ ಎಂಬ ಆಸೆ ಇನ್ನೂ ಇತ್ತು.

ಊಟದ ದೃಶ್ಯ ಬಂತು. ನಾಯಕಿ ಮೊದಲು ಹಾಲಿನ ಪಾತ್ರೆಯನ್ನು ಕಪಾಟಿನಲ್ಲಿ ಎತ್ತಿಟ್ಟು, ಆಮೇಲೆ ಮಾಂಸದ ಸಾರು ಬಡಿಸಬೇಕು. ಗಾಬರಿಯಲ್ಲಿ ಕ್ರಮ ಮರೆತಳು. ಸಾರಿನ ಸೌಟು ಹಿಡಿದು ಬಡಿಸಿದವಳೇ ಅದೇ ಕೈಯನ್ನು ಹಾಲಿನ ಪಾತ್ರೆಯತ್ತ ಚಾಚಿದಳು. ಸಾರು ಎಂದರೆ ನೀರಿನಲ್ಲಿ ಕಲಸಿದ ಕಂದು ಬಣ್ಣ, ಪಾತ್ರೆಯಲ್ಲಿ ಹಾಲೂ ಇರಲಿಲ್ಲ. ಆದರೆ ನಾನು ಯೋಚಿಸಲು ಹೋಗಲಿಲ್ಲ.

“ಏ, ಮುಸುರಿ ಕೈ!”

ಬಾಯಿಂದ ಬಂದದ್ದು ಅಜ್ಜಿಯ ದನಿ, ಅಜ್ಜಿಯದೇ ಗದರಿಕೆ. ನಾಯಕಿ ಕೈ ಹಿಂತೆಗೆದುಕೊಂಡಳು. ಈ ಎರಡು ಶಬ್ದಗಳನ್ನು ಅವಳು ನಮ್ಮ ಫ್ರಿಜ್ಜಿನ ಮುಂದೆ ಎಷ್ಟು ಸಲ ಕೇಳಿದ್ದಳೋ. ಆಗ ಮುಂದಿನ ಸಾಲಿನಿಂದ ಅಜ್ಜಿ ನಿರಾಳವಾಗಿ, “ಕೈ ತೊಕ್ಕೊ ಅನ್ನು ಅಕಿಗೆ,” ಎಂದಳು. ನಾಯಕಿ ವೇದಿಕೆಯ ಮೂಲೆಯಲ್ಲಿದ್ದ ಬಕೀಟಿನ ಬಳಿ ಹೋಗಿ ಕೈ ತೊಳೆದುಕೊಂಡು ಬಂದಳು. ಚಪ್ಪಾಳೆ ಬಿತ್ತು.

ನಾಟಕ ಮುಗಿದ ಮೇಲೆ ಟೀಚರ್ ನನ್ನ ಎರಡೂ ಕೈ ಹಿಡಿದುಕೊಂಡರು. ಅದು ಯೆಹೂದಿಗಳ ಭಾಷೆಯೇ ಎಂದು ಕೇಳಿದರು. ಕನ್ನಡ ಎಂದೆ. ಏನಾದರಾಗಲಿ, ಇಡೀ ನಾಟಕದಲ್ಲಿ ನಿಜವೆನಿಸಿದ ಕ್ಷಣ ಅದೊಂದೇ, ನಾಳೆಯೂ ಹಾಗೇ ಹೇಳಬೇಕು ಎಂದರು. ಕೊನೆಗೂ ನನಗೆ ಮಾತು ಸಿಕ್ಕಿತ್ತು, ಹಡಗಿನಿಂದ ಇಳಿದವಳ ಮಾತು. ಅಂದು ಸಂಜೆ ಕನ್ನಡಿಯ ಮುಂದೆ ನಿಂತು ತಾಲೀಮು ಮಾಡಿದೆ.

ಕನ್ನಡಿಯ ಮುಂದೆ ನಿಂತದ್ದೇ ತಪ್ಪಾಯಿತೋ ಏನೋ. ಮರುದಿನ ನಾಯಕಿ ಈ ಸಲ ಬೇಕೆಂದೇ ಸಾರಿನ ಕೈಯನ್ನು ಹಾಲಿನ ಪಾತ್ರೆಯತ್ತ ಚಾಚಿದಾಗ ಒಂದು ಹೆಜ್ಜೆ ಮುಂದೆ ಬಂದೆ, ಉಸಿರು ತುಂಬಿಕೊಂಡೆ, ಸ್ಪಷ್ಟವಾಗಿ ಹೇಳಿದೆ. ಕೇಳಿಸಿದ್ದು “ಮೂಸ್‌ರೀ ಕಾಯ್”. ಅಷ್ಟು ವರ್ಷ ಕಷ್ಟಪಟ್ಟು ಕಲಿತ ಸ್ವರಗಳೆಲ್ಲ ಕರೆಯದೆಯೇ ಬಂದು ಸಾಲಾಗಿ ನಿಂತಿದ್ದವು. ಯಾರೋ ಕೆಮ್ಮಿದರು. ನಾನೇನು ಹೇಳಿದೆನೆಂದು ತಿಳಿಯದೆ ನಾಯಕಿ ನನ್ನ ಮುಖ ನೋಡಿದಳು. ಬಳಿಕ ತಾನೇ ಅರ್ಥಮಾಡಿಕೊಂಡು, ತನ್ನ ಕೈಯನ್ನು ತಾನೇ ಗದರಿಸಿಕೊಳ್ಳುವಂತೆ, “ಏ, ಮುಸುರಿ ಕೈ!” ಎಂದು ಹೇಳಿ ಬಕೀಟಿನತ್ತ ನಡೆದಳು. ರ ಉರುಳಬೇಕಾದಲ್ಲಿ ಉರುಳಿತು. ಹಿಂದಿನ ದಿನಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು.

ನಂತರದ ಚಹಾ ಬಿಸ್ಕತ್ತಿನ ಗದ್ದಲದಲ್ಲಿ, ಎರಡನೆಯ ದಿನವೂ ಬಂದಿದ್ದ ಅಜ್ಜಿ ಅವಳ ಗಲ್ಲ ಹಿಡಿದು ಮುದ್ದಿಸಿದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಎಳೆದು, ಯಾರಿಗೂ ಕೇಳಿಸಬಾರದೆಂಬ ಕಾಳಜಿಯಿಂದ ದನಿ ತಗ್ಗಿಸಿ ಹೇಳಿದಳು:

“ಬಾಜೂ ಮನಿ ಹುಡುಗಿ ಎಷ್ಟ ಸ್ವಚ್ಛ ಅಂತಾಳ ನೋಡ, ಕೂಸ. ದಿನಾ ಮನೀಗೆ ಬರತಾಳಲ್ಲ, ಒಂದೀಟ ಅಕಿ ಕಡೆ ಕಲಕೋ.”