ಉಂಡೆ ಮೇಡಂ ಮತ್ತು ಕಾಣೆಯಾದ ಸೆಗಣಿ

ನಮ್ಮಕ್ಕನಿಗೆ ಊರು ಇಟ್ಟ ಹೆಸರು ಉಂಡೆ ಮೇಡಂ. ಸೆಗಣಿಯನ್ನು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಲ್ಲಿ ಒದ್ದುಕೊಂಡು ಹೋಗುವ ಹುಳುಗಳ ಮೇಲೆ ಅವಳ ಸಂಶೋಧನೆ. ಮನೆಯಲ್ಲಿ ಹೆಂಗಸರ ಉಗುರೆಲ್ಲ ಬೋಳು. ಉಗುರುಬಣ್ಣವೆಲ್ಲ ಹುಳುಗಳ ಬೆನ್ನಿಗೆ. ಚುಕ್ಕೆಯಿಟ್ಟು ಬಿಟ್ಟ ಹುಳು ಮತ್ತೆ ಯಾವ ಬಕೆಟ್ಟಿಗೆ ಬಿತ್ತು ಎಂದು ಅವಳಿಗೆ ತಿಳಿಯಬೇಕು. ಬಕೆಟ್ಟನ್ನು ನೆಲದ ಮಟ್ಟಕ್ಕೆ ಹೂತು, ಮೇಲೆ ಬಟ್ಟೆಯಲ್ಲಿ ಸೆಗಣಿ ಕಟ್ಟಿ ತೂಗುಬಿಡುತ್ತಾಳೆ. ವಾಸನೆಗೆ ಮನಸೋತು ಹಾರಿ ಬಂದದ್ದು ದೊಪ್ಪನೆ ಒಳಗೆ.

ಅವಳ ಮದುವೆಯೂ ಸೆಗಣಿಯ ಕೃಪೆಯೇ. ಬಕೆಟ್ ಹಿಡಿದು ಡೇರಿಯ ಬೇಲಿ ಹಾರುತ್ತಿದ್ದವಳನ್ನು ಅಲ್ಲಿನ ಮ್ಯಾನೇಜರು ಹಿಡಿದರು.

"ಹಾಲು ಕದಿಯೋರ್ನ ನೋಡಿದೀನಿ. ಇದೇನ್ರೀ ಇದು?"

"ಬಿಸಿ ಆರೋಕ್ ಮುಂಚೆ ಬೇಕು, ಬೈಯೋದಿದ್ರೆ ಆಮೇಲೆ ಬೈರಿ," ಎಂದು ಓಡಿದಳಂತೆ. ಬೈಗುಳ ಪೂರ್ತಿ ಮಾಡಲೆಂದು ಹಿಂದೆ ಬಂದವರು ಕೊನೆಗೆ ನಮಗೆ ಭಾವನಾದರು.

ಭಾವ ಕರವಸ್ತ್ರಕ್ಕೂ ಇಸ್ತ್ರಿ ಹಾಕುವ ಮನುಷ್ಯ. ಅವರ ಶುಚಿತ್ವವೇ ಒಂದು ದಿನ ಅಕ್ಕನ ಕುತ್ತಿಗೆಗೆ ಬಂತು.

ಡೇರಿಯ ಅಧ್ಯಕ್ಷರು ಹಸು ಮೇಯುವ ಬಯಲಿಗೆಲ್ಲ ಟೈಲ್ಸ್ ಹಾಕಿಸಲು ಹೊರಟಿದ್ದರು. ಸೆಗಣಿ ಬಾಚುವ ಯಂತ್ರ ಬರುವುದಿತ್ತು. ಬಯಲು ಹೋದರೆ ಅಕ್ಕನ ಹುಳುಗಳೂ ಹೋದವು, ವರ್ಷಗಳ ಕೆಲಸವೂ ಹೋಯಿತು. ಅವಳು ಕಾಡಿ ಬೇಡಿ ಅಧ್ಯಕ್ಷರನ್ನು ಒಂದು ಬೆಳಿಗ್ಗೆ ಬಯಲಿಗೆ ಬರಲು ಒಪ್ಪಿಸಿದ್ದಳು. ತೋರಿಸಲು ಸೆಗಣಿಯ ಎರಡು ಗುಪ್ಪೆ ಸಿದ್ಧವಾಗಿದ್ದವು. ಹುಳು ನುಗ್ಗದಂತೆ ಸಣ್ಣ ಕಣ್ಣಿನ ಬಲೆ ಮುಚ್ಚಿದ್ದು ಒಣಗಿ ಹಂಚಾಗಿತ್ತು. ಬಲೆಯಿಲ್ಲದ್ದು ಪುಡಿಪುಡಿಯಾಗಿ ಮಣ್ಣಿಗಿಳಿದಿತ್ತು. ಯಂತ್ರದ ಕೆಲಸವನ್ನು ಹುಳುಗಳೇ ಮಾಡುತ್ತವೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆ ಬೆಳಿಗ್ಗೆ ಅಕ್ಕ ಹೋಗಿ ನೋಡಿದರೆ ಎರಡೂ ಇಲ್ಲ. ಆ ಜಾಗದಲ್ಲಿ ಬ್ಲೀಚಿಂಗ್ ಪೌಡರು, ಅದರ ಮೇಲೆ ಎರಡು ಹೂವಿನ ಕುಂಡ.

"ರೀ, ನನ್ನ ಸೆಗಣಿ ಎಲ್ಲಿ?"

"ಎತ್ತಿಸಿ ಬಿಸಾಕಿದೆ ಕಣೇ," ಎಂದರು ಭಾವ, ಹೊಗಳಿಕೆಗೆ ಕಾಯುವವರ ಹಾಗೆ. "ಅಧ್ಯಕ್ಷರು ಬರೋ ಜಾಗ, ನಿನ್ನ ಮರ್ಯಾದೆ ಪ್ರಶ್ನೆ ಅಲ್ವಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರ ಕಾರು ಬಂದೇಬಿಟ್ಟಿತು. ಬಿಳಿ ಪ್ಯಾಂಟು, ಬಿಳಿ ಬೂಟು.

"ಎಲ್ಲಿ ಕಣಮ್ಮಾ ಪ್ರದರ್ಶನ?"

"ಇಟ್ಟಿದ್ದ ಸೆಗಣೀನ ಯಾರೋ ಎತ್ತಿಸಿದಾರೆ. ಇನ್ನು ಹಸು ಮನಸ್ಸು ಮಾಡ್ಬೇಕು ಸಾರ್," ಎಂದಳು ಅಕ್ಕ.

ಹೀಗೆ ಅಧ್ಯಕ್ಷರು, ಭಾವ, ಅಕ್ಕ, ಬಿಸ್ಕತ್ತಿನ ತಟ್ಟೆ ಹೊರಲು ಬಂದಿದ್ದ ನಾನು, ಎಲ್ಲರೂ ಸಾಲಾಗಿ ಹಸುಗಳ ಹಿಂಭಾಗ ನೋಡುತ್ತ ನಿಂತೆವು. ಒಂದು ಬಾಲ ಮೇಲೆದ್ದಿತು. "ಎತ್ತಿತು! ಎತ್ತಿತು!" ಎಂದು ಅಧ್ಯಕ್ಷರೇ ಕೂಗಿದರು. ನೊಣ ಹೊಡೆದು ಇಳಿಸಿತು. ಇನ್ನೊಂದರದು ಬರೀ ಗಂಜಲ. ಭಾವ ಬೆವರೊರೆಸಿಕೊಂಡು, "ಬೇರೆ ದಿನ ಇಟ್ಕೊಳ್ಳೋಣ್ವಾ ಸಾರ್?" ಎಂದರು.

"ಸುಮ್ನಿರ್ರೀ, ಆ ಕಪ್ಪು ಹಸು ಏನೋ ಯೋಚನೆ ಮಾಡ್ತಿದೆ!"

ಯೋಚನೆ ಫಲಿಸಿತು. ಪಚಕ್! ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಒಂದು ಹಸು ಅಷ್ಟು ದೊಡ್ಡ ಮನುಷ್ಯರಿಂದ ಚಪ್ಪಾಳೆ ಪಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಬೆ ಆರುವ ಮುಂಚೆಯೇ ಗುಂಯ್ ಎನ್ನುತ್ತ ಹುಳುಗಳು ಬಂದವು. ದಾರಿ ತಪ್ಪಿದ ಒಂದು ಭಾವನ ಹಣೆಗೆ ಟಪ್ಪೆಂದಿತು. ಮತ್ತೊಂದು ತನ್ನ ಮೈಗಿಂತ ದೊಡ್ಡ ಉಂಡೆ ಕಟ್ಟಿ ಹೊರಟಿತು. ಇನ್ನೊಂದು ಬಂದು ಅದನ್ನೇ ಕಿತ್ತುಕೊಳ್ಳಲು ನಿಂತಿತು. ಅಧ್ಯಕ್ಷರು ಕೂತರು, ಬಗ್ಗಿದರು, ಕೊನೆಗೆ ಬಿಳಿ ಪ್ಯಾಂಟಿನ ಸಮೇತ ಬೋರಲು ಮಲಗಿದರು.

"ಬಿಡಬೇಡ ಮಗನೇ! ಕಳ್ಳ ಕಣೋ ಅವನು! ಒದಿ!"

ಒದೆ ಬಿತ್ತು. ಉಂಡೆ ಉರುಳುರುಳಿ ಒಂದು ತೂತಿನಲ್ಲಿ ಮಾಯವಾಯಿತು.

"ಎಲ್ಲಿಗಮ್ಮಾ ಹೋಯ್ತು?"

"ಮಣ್ಣಿಗೆ ಸಾರ್. ಹುಲ್ಲಿನ ಬೇರಿಗೆ ಗೊಬ್ಬರ ಆಯ್ತು, ಮಳೆ ನೀರು ಇಳಿಯೋಕೆ ತೂತೂ ಆಯ್ತು. ನೊಣ ಮೊಟ್ಟೆ ಇಡೋಣ ಅಂತ ಬಂದ್ರೆ ಮೇಲೆ ಸೆಗಣೀನೇ ಇಲ್ಲ."

"ಸಂಬಳ?"

"ಇಲ್ಲ."

"ರಜೆ?"

"ಭಾನುವಾರಾನೂ ಬರ್ತಾವೆ."

"ಸಂಘ ಗಿಂಘ?"

"ಒಂದಕ್ಕೊಂದು ಕಂಡ್ರಾಗಲ್ಲ, ನೋಡಿದ್ರಲ್ಲ."

ಅಧ್ಯಕ್ಷರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಂಥ ನೌಕರರಿಗಾಗಿ ಅವರು ಜೀವಮಾನವಿಡೀ ಹಂಬಲಿಸಿದ್ದರು.

"ಟೈಲ್ಸ್ ಹಾಕಿದ್ರೆ ಇವು ಎಲ್ಲಿ ಇಳೀಬೇಕು ಸಾರ್?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

"ಮ್ಯಾನೇಜರೇ, ಟೈಲ್ಸಿನವನಿಗೆ ಬೇಡ ಅಂತ ಹೇಳಿ," ಎಂದರು ಅಧ್ಯಕ್ಷರು, ನೆಲದಿಂದ ಮುಖವೆತ್ತದೆ. "ಹಾಗೇ, ಇಲ್ಲಿದ್ದ ಸೆಗಣಿ ಎತ್ತಿಸಿದ ಬುದ್ಧಿವಂತ ಯಾರು?"

ಭಾವ ಹೂವಿನ ಕುಂಡಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅಕ್ಕ ಗಂಡನನ್ನು ಬಿಟ್ಟುಕೊಡಲಿಲ್ಲ. "ಯಾರೋ ಒಳ್ಳೇ ಮನಸ್ಸಿನವ್ರು ಸಾರ್," ಎಂದಳು.

ಬಯಲು ಉಳಿಯಿತು, ಅದರ ಜೊತೆಗೆ ಒಂದು ಬೋರ್ಡೂ ಬಂತು: "ಅಧ್ಯಕ್ಷರ ಅನುಮತಿಯಿಲ್ಲದೆ ಇಲ್ಲಿ ಯಾರೂ ಸೆಗಣಿ ಮುಟ್ಟತಕ್ಕದ್ದಲ್ಲ." ಈಗ ಬಕೆಟ್ಟಿಗೆ ಕಟ್ಟಲು ಒಂದು ಹಿಡಿ ಬೇಕಾದರೂ ಅಕ್ಕ ಅವರನ್ನೇ ಕೇಳಬೇಕು. ಅನುಮತಿ ಕೊಡಲು ಅವರು ಖುದ್ದಾಗಿ ಬರುತ್ತಾರೆ, ಬಂದವರೇ ಬೋರಲು ಮಲಗುತ್ತಾರೆ. ಅವರನ್ನು ಎಬ್ಬಿಸುವ ಬಗ್ಗೆ ಇನ್ನೂ ಯಾರೂ ಸಂಶೋಧನೆ ಮಾಡಿಲ್ಲ.