ಕರೆಂಟ್ ಹೋದಾಗೆಲ್ಲ ಪುಡಿ ಕುಡಿದ ಕಾಕಾ

ಬನಹಟ್ಟಿಯಲ್ಲಿ ಕರೆಂಟ್ ಹೋದರೆ ಜನ ಬೈಯುತ್ತಾರೆ. ನಾನು ಮಾತ್ರ ಎದ್ದು ಕಾಕಾನನ್ನು ಹುಡುಕುತ್ತೇನೆ. ಅವರ ಕೈಯಲ್ಲಿ ಹಾಲಿನ ಲೋಟ ಇಲ್ಲವೆಂದು ಕಂಡ ಮೇಲೆಯೇ ಉಸಿರು ಬಿಡುವುದು. ಆ ಬೇಸಿಗೆ ಕಳೆದು ಎಷ್ಟೋ ವರ್ಷವಾದರೂ ಈ ಚಟ ಹೋಗಿಲ್ಲ. ಒಂದು ಔಷಧಿಯ ಪುಡಿ ಕುಡಿದು ಕುಡಿದು ಕಾಕಾ ಸಾಯುವ ಮಟ್ಟಕ್ಕೆ ಹೋಗಿದ್ದರು. ಆ ಪುಡಿಯನ್ನು ಹೊಗಳಿದವನು ನಾನು.

ಕಾಕಾ ಬೆಳಗಾಗುವ ಮುನ್ನ ಪವರ್‌ಲೂಮ್ ಶೆಡ್ಡು ಹೊಕ್ಕರೆ ಹೊತ್ತು ಮುಳುಗಿದ ಮೇಲೆ ಹೊರಬೀಳುತ್ತಿದ್ದರು. ನಮ್ಮೂರಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ, ಆದರೆ ಅದು ಅವರ ಮೈಗೆ ತಾಗುತ್ತಿದ್ದುದು ಯಾರದಾದರೂ ಮದುವೆ ಇದ್ದಾಗ ಮಾತ್ರ. ತಿಂಗಳಿಗೊಮ್ಮೆ ನೆಗಡಿ, ಸದಾ ಸೊಂಟನೋವು. ಜಮಖಂಡಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ತೀರಾ ಕಡಿಮೆಯಿದೆ ಎಂದರು. ವಾರಕ್ಕೊಂದು ಪೊಟ್ಟಣ ಪುಡಿ, ಹಾಲಿನಲ್ಲಿ ಕಲಸಿ, ಎಂಟು ವಾರ. ಜೊತೆಗೆ ಒಂದಿಷ್ಟು ಬಿಸಿಲು.

ಬಿ.ಎಸ್ಸಿ. ಮುಗಿಸಿದ್ದ ನಾನು ವಾಪಸು ಬರುವಾಗ ಬಸ್ಸಿನಲ್ಲಿ ಸುಮ್ಮನಿರಬೇಕಿತ್ತು.

“ಕಾಕಾ, ಇದು ಬರೇ ಎಲುಬಿಗಲ್ಲರಿ. ಮೈಯಾಗ ರೋಗದ ಕೂಡ ಬಡದಾಡೂ ಸಿಪಾಯಿಗಳಿರ್ತಾರ. ಅವರಿಗೂ ಇದು ಬೇಕು.”

“ಹಂಗಾರ ನೆಗಡಿ ಓಡಿಹೋಗತೈತಿ ಅನ್ನು.”

“ಕಡಿಮಿ ಆಗಬಹುದು.”

ಆ ‘ಆಗಬಹುದು’ ಎಂಬುದನ್ನು ಕಾಕಾ ಬಸ್ಸಿನಲ್ಲೇ ಬಿಟ್ಟು ಇಳಿದರು.

ನಮ್ಮ ಓಣಿಗೆ ಆಗ ವಾರದಲ್ಲಿ ಒಂದು ಹಗಲು ಕರೆಂಟ್ ತೆಗೆಯುತ್ತಿದ್ದರು. ಮಗ್ಗಕ್ಕೆ ಅದೇ ರಜೆ. ಕಾಕಾ ಕ್ಯಾಲೆಂಡರ್ ನೋಡಿದವರಲ್ಲ. ಮಗ್ಗ ನಿಂತಿತೆಂದರೆ ಅವರಿಗೆ ವಾರ ಮುಗಿಯಿತು. ಹೀಗಾಗಿ ಮಗ್ಗ ನಿಂತಾಗ ಪುಡಿ ಕುಡಿದು, ಬನಿಯನ್ ಕಳಚಿ, ಮಾಳಿಗೆಯ ಮೇಲೆ ಅವರ ಹೆಂಡತಿ ಕಾಕು ಒಣಹಾಕಿದ ಹಪ್ಪಳದ ಪಕ್ಕದಲ್ಲಿ ಚಾಪೆ ಹಾಸಿ ಮಲಗುತ್ತಿದ್ದರು.

“ಹೊಳ್ಳಿ ಮಲಕೋರಿ, ಒಂದ ಮಗ್ಗಲಾ ಒಣಗೈತಿ,” ಎಂದು ಕಾಕು ಕೆಳಗಿನಿಂದ ಕೂಗುತ್ತಿದ್ದರು.

ಮೊದಲ ಮೂರು ವಾರ ಸರಿಯಾಗಿ ನಡೆಯಿತು. ನೆಗಡಿ ಬರಲಿಲ್ಲ. ಕಾಕಾನಿಗೆ ಸೊಕ್ಕು ಬಂತು. ಚಿಮ್ಮಡದ ಬೀಗರು ಮೂಗು ಒರೆಸಿಕೊಳ್ಳುತ್ತ ಮನೆಗೆ ಬಂದಾಗ ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕುಳಿತರು.

“ಸೀನ್ರಿ ಬೀಗರ. ನನ್ನ ಕಡೆ ಮುಖಾ ಮಾಡಿ ಸೀನ್ರಿ.”

“ಯಾಕ್ರಿ?”

“ನಮ್ಮ ಸಿಪಾಯಿಗಳು ಕೆಲಸಿಲ್ಲದ ಖಾಲಿ ಕುಂತಾರ.”

ನಾನು ಬಿ.ಎಡ್. ಪರೀಕ್ಷೆಗೆಂದು ಮುಧೋಳದ ಬಾಡಿಗೆ ಖೋಲಿಗೆ ಹೋದೆ. ಅತ್ತ ಬೇಸಿಗೆ ಜೋರಾಯಿತು. ಕರೆಂಟ್ ದಿನಾಲೂ ಹೋಗತೊಡಗಿತು, ಕೆಲವು ದಿನ ಎರಡೆರಡು ಸಲ. ಕಾಕಾ ಒಂದು ಸಲವೂ ತಪ್ಪಿಸದೆ ಪುಡಿ ಕುಡಿದರು. ಪೊಟ್ಟಣ ಮುಗಿದಾಗ ಖಾಲಿಯದನ್ನು ಅಂಗಡಿಯಲ್ಲಿ ತೋರಿಸಿ ಮತ್ತೆ ತಂದರು.

ಎರಡು ತಿಂಗಳಾದ ಮೇಲೆ ನಾನು ಮನೆಗೆ ಬಂದಾಗ ಕಾಕಾ ನೀರಿನ ಕೊಡದ ಬಳಿಯೇ ಬೀಡುಬಿಟ್ಟಿದ್ದರು. ತಂಬಿಗೆಗಟ್ಟಲೆ ನೀರು ಕುಡಿಯುವುದು, ಹಿತ್ತಲಿಗೆ ಓಡುವುದು. ಊಟ ಸೇರುತ್ತಿರಲಿಲ್ಲ, ವಾಂತಿ ಬೇರೆ. ‘ಉಷ್ಣ ಆಗೇತಿ’ ಎಂದು ಕಾಕು ಮಜ್ಜಿಗೆ ಕೊಡುತ್ತಿದ್ದರು. ಓದಿದವನಾದ ನಾನೂ ತಲೆಯಾಡಿಸಿದೆ.

ಮರುದಿನ ಮಧ್ಯಾಹ್ನ ಶೆಡ್ಡಿನಲ್ಲಿ ನಾಲ್ಕೂ ಮಗ್ಗಗಳು ಕಿವಿ ಒಡೆಯುವಂತೆ ಓಡುತ್ತಿದ್ದವು. ಕಾಕಾ ಅವುಗಳ ನಡುವೆ ನಿಂತು, “ಕರೆಂಟ್ ಹೋತು. ಪುಡಿ ತಾ,” ಎಂದು ತೊದಲಿದರು.

ತಮಾಷೆಯೆಂದು ನಾನು ನಕ್ಕೆ. ಕಾಕಾ ನಗಲಿಲ್ಲ. ಓಡುವ ಮಗ್ಗವನ್ನು ನಿಂತದ್ದೆಂದೇ ತಿಳಿದು, ಹರಿದ ಎಳೆ ಕೂಡಿಸಲು ಅದರೊಳಗೆ ಕೈ ಚಾಚಿದರು. ನಾನು ಸೊಂಟ ಹಿಡಿದು ಎಳೆದೆ. ಇಬ್ಬರೂ ನೂಲಿನ ರಾಶಿಯ ಮೇಲೆ ಬಿದ್ದೆವು.

“ಕಾಕಾ, ಪುಡಿ ಎಷ್ಟ ತಗೊಂಡೀರಿ?”

ಕಾಕಾ ನನ್ನನ್ನು ಪರಿಚಯವಿಲ್ಲದವನಂತೆ ನೋಡಿದರು. ಉತ್ತರ ಕೊಟ್ಟದ್ದು ಸದ್ದಿಗೆ ಓಡಿಬಂದ ಕಾಕು. ಮನೆಯೊಳಗಿನಿಂದ ಒಂದು ಡಬ್ಬಿ ತಂದು ಬೋರಲು ಹಾಕಿದರು. ಖಾಲಿ ಪೊಟ್ಟಣಗಳು ಸುರಿದವು.

“ಛಲೋ ಮಿಂಚತಾವಂತ ಇಟ್ಟೇನಿ. ಬಾಗಿಲಿಗೆ ತೋರಣಾ ಮಾಡಾಕ ಬರ್ತಾವು,” ಎಂದರು.

ನನಗೆ ಎಣಿಸುವ ಧೈರ್ಯ ಬರಲಿಲ್ಲ. ಕಾಕಾನನ್ನೂ ಡಬ್ಬಿಯನ್ನೂ ಆಟೋದಲ್ಲಿ ಹಾಕಿ ಜಮಖಂಡಿಗೆ ಒಯ್ದೆ.

ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬೀಳತೊಡಗಿತ್ತು. ಡಾಕ್ಟರು ಸಲೈನ್ ಹಚ್ಚಿ ನನ್ನನ್ನು ಹೊರಗೆ ಕರೆದರು.

“ಇದು ಉಚ್ಚಿಯೊಳಗ ಹೋಗಿಬಿಡೂ ವಿಟಮಿನ್ ಅಲ್ಲ, ಮೈಯಾಗ ಕೂಡಿಕೋತ ಹೋಗತೈತಿ. ಕಡಿಮಿ ಇದ್ದವರಿಗೆ ತುಂಬಿಸಿದ್ರ ರೋಗ ತಡಿಯಾಕ ಉಪಯೋಗ. ತುಂಬಿದ ಮ್ಯಾಲೂ ಸುರದ್ರ ವಿಷಾ. ನಿಮ್ಮ ಒಂದ ಮಗ್ಗಕ್ಕ ಎರಡ ಮೋಟರ್ ಕಟ್ಟಿದ್ರ ಎರಡ ಸೀರಿ ಬರ್ತಾವೇನು?”

“ಇಲ್ಲರಿ.”

“ಏನ್ ಬರತೈತಿ?”

“ಮಗ್ಗ ಮುರಿತೈತ್ರಿ.”

“ಸದ್ಯ ಮುರಿದಿಲ್ಲ. ನೋಡೂಣು,” ಎಂದು ಅವರು ಹೊರಟರು. ಮೂರು ದಿನ ನಾನು ಸಲೈನ್ ಹನಿ ಎಣಿಸುತ್ತ ಮಂಚದ ಬಳಿ ಕುಳಿತೆ. ಕಾಕಾ ಆ ಮೂರು ದಿನ ಛಾವಣಿ ನೋಡುತ್ತ ಮಲಗಿದ್ದರು. ಪಕ್ಕದ ಮಂಚದವನು ಎಡೆಬಿಡದೆ ಸೀನುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಕಾಕಾ ಒಂದು ದೊಡ್ಡ ಸೀನು ಸೀನಿದರು. ಕಣ್ಣು ತೆರೆದು, ನನ್ನ ಮುಖ ಹುಡುಕಿ, ಗುರುತು ಹಿಡಿದರು.

“ಲೇ ತಮ್ಮಾ,” ಎಂದರು, “ಸಿಪಾಯಿಗಳು ಎಲ್ಲಿ ಹ್ವಾದ್ರೋ?”

ನಾನು ಅವರ ಮೂಗು ಒರೆಸಿದೆ.