ಪರಂಗಿ ಅಲಗಿನ ಪಟ್ಟಾ

ಓದುಗರಿಗೆ ನಮಸ್ಕಾರ. ನಾನು ಹತ್ತನೇ ಇಯತ್ತೆ ಪಾಸಾದಾಗ ನನಗೆ ಇಪ್ಪತ್ತಾರು ವರ್ಷ. ಈಗಲೂ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಟೈಪ್ ಮಾಡುತ್ತೇನೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬೇಡಕಿಹಾಳದ ಹತ್ತಿರದ ನಮ್ಮ ಮನೆಯಲ್ಲಿ ಒಂದು ಹಳೆಯ ಪಟ್ಟಾ ಇತ್ತು. ಪಟ್ಟಾ ಅಂದರೆ ಹಿಡಿಕೆಯ ಬದಲು ಮೊಣಕೈವರೆಗೆ ಉಕ್ಕಿನ ಕೈಗವಸು ಇರುವ ಕತ್ತಿ. ಕೈ ಒಳಗೆ ತೂರಿಸಿ, ಅಡ್ಡ ಸರಳನ್ನು ಮುಷ್ಟಿಯಲ್ಲಿ ಹಿಡಿಯಬೇಕು. ವರ್ಷವಿಡೀ ಎಣ್ಣೆಬಟ್ಟೆ ಸುತ್ತಿಕೊಂಡು ಜಂತಿಗೆ ತೂಗುತ್ತಿತ್ತು. ಖಂಡೇನವಮಿಗೆ ಮಾತ್ರ ಕೆಳಗಿಳಿದು ಕುಡಗೋಲು, ನೇಗಿಲಿನ ಜೊತೆ ಪೂಜೆಗೆ ಕೂರುತ್ತಿತ್ತು.

ಎಂಬತ್ತರ ದಶಕದ ಕೊನೆಯ ಒಂದು ವರ್ಷ, ಹಬ್ಬಕ್ಕೆ ವಾರವಿದ್ದಾಗ, ಕಾಗವಾಡದಿಂದ ಕಾಕಾ ಬಂದರು. ಅಪ್ಪ ತಿಕ್ಕುತ್ತಿದ್ದ ಅಲಗನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ಮೇಲೆ ಸಣ್ಣ ಅಕ್ಷರಗಳಿದ್ದವು.

“ಅಣ್ಣಾ, ಇದು ಕನ್ನಡಾನೂ ಅಲ್ಲ, ಹಳೇ ಮರಾಠಿ ಮೋಡಿ ಅಕ್ಷರಾನೂ ಅಲ್ಲ. ಕೈಗವಸ ಅಷ್ಟ ನಮ್ದು. ಅಲಗು ಹಡಗದಾಗ ಬಂದ ಪರಂಗ್ಯಾರ ಮಾಲು. ಇಷ್ಟ ದಿನ ಯಾರಿಗೆ ಕೈ ಮುಗದಿ ನೀ?”

ಅಪ್ಪನ ಮುಖ ಸಣ್ಣದಾಯಿತು. “ಹಂಗಾರ ನಿಪ್ಪಾಣಿಗೆ ಒಯ್ದು ಅಲಗು ಬದಲ ಮಾಡಸ್ತೀನಿ. ಇದನ್ನ ಮುರದು ಕಬ್ಬ ಕಡ್ಯಾಕ ಎರಡ ಕೊಯ್ತಾ ಮಾಡಿಸಿದ್ರಾತು.”

ಅವ್ವ ಒಳಗಿನಿಂದಲೇ, “ನಾನೂ ಹೊರಗಿನ ಸತ್ತಿ ಊರಿಂದ ಬಂದಾಕಿ. ನನ್ನೂ ಬದಲ ಮಾಡಸ್ರಿ,” ಎಂದಳು. ಕಾಕಾ ನಕ್ಕರು. ಅಪ್ಪ ನಗಲಿಲ್ಲ.

ನಾನು ಬೇಡವೆಂದೆ. “ನಾಕ ಅಕ್ಷರ ಕಲ್ತಿ ಅಂತ ನನಗ ಬುದ್ಧಿ ಹೇಳ್ತಿಯೇನಲೇ?” ಎಂದು ಅಪ್ಪ ಬಾಯಿ ಮುಚ್ಚಿಸಿದರು. ಅದು ಅಜ್ಜ ಸಾಯುವ ತನಕ ಎಣ್ಣೆ ಹಚ್ಚಿದ ಅಲಗು. ಅದನ್ನು ಕೊಯ್ತಾ ಆಗಲು ಬಿಡುವುದಿಲ್ಲ ಎಂದು ಅಂದೇ ಮನಸ್ಸು ಗಟ್ಟಿ ಮಾಡಿಕೊಂಡೆ.

ಮರುದಿನ ಅಪ್ಪನ ಹಿಂದೆಯೇ ನಿಪ್ಪಾಣಿಗೆ ಹೋದೆ. ಮುದುಕ ಕಮ್ಮಾರ ಅಲಗಿನ ತುದಿಯನ್ನು ಕಲ್ಲಿಗೆ ಒತ್ತಿದ. ಅದು ಬಿಲ್ಲಿನಂತೆ ಬಾಗಿ, ಬಿಟ್ಟ ಕೂಡಲೇ ನೆಟ್ಟಗಾಯಿತು.

“ಯಜಮಾನ್ರ, ನಾ ಮಾಡಿದ್ದು ಹಿಂಗ ಬಾಗಿದ್ರ ಬಾಗೇ ಇರತೈತ್ರಿ. ನೋಡ್ರಿ, ಕೈಗವಸದಿಂದ ಇಳದ ಈ ಎರಡ ಪಟ್ಟಿ ಈ ಅಲಗಿನ ಅಳತಿಗೇ ಬಡದಾರ. ನಿಮ್ಮ ಹಿರ್ಯಾರು ತಿಳದ ಕೂಡ್ಸ್ಯಾರ.”

“ಆದ್ರೂ ಪರಂಗೀದು. ಮೊಳಿ ಒಡದು ಅಲಗು ಬಿಚ್ಚು.”

ಕಮ್ಮಾರ ಉಳಿ ಎತ್ತಿಕೊಂಡ. ನಾನು ಕೈಗವಸಿನೊಳಗೆ ಮೊಣಕೈತನಕ ಕೈ ತೂರಿಸಿ ಮುಷ್ಟಿ ಬಿಗಿದೆ. “ಈಗ ಒಡೀರಿ.”

ಆತ ಸುತ್ತಿಗೆ ಕೆಳಗಿಟ್ಟ. “ನಾ ಕಬ್ಬಿಣಕ್ಕ ಹೊಡ್ಯಾಂವ. ಎಲುಬಿಗಲ್ಲ.”

“ಕೈ ತಗೀಲೇ.”

“ಅಲಗು ಹಿಂಗ ಇರತೈತಿ ಅಂದ್ರ ತಗೀತೀನಿ ಅಪ್ಪಾ.”

ಅಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಕೈ ತೆಗೆದರೆ ಎಲ್ಲಿ ಮತ್ತೆ ತಿರುಗಿ ಬರುತ್ತಾರೋ ಎಂಬ ಭಯಕ್ಕೆ, ಪಟ್ಟಾಕ್ಕೆ ಕಂಬಳಿ ಸುತ್ತಿ ಹಾಗೆಯೇ ಬಸ್ ಹತ್ತಿದೆ. “ಕೈ ಮುರದೈತೇನ್ರಿ?” ಎಂದ ಕಂಡಕ್ಟರ್.

“ಇಲ್ಲಪಾ, ತಲಿ ಕೆಟ್ಟೈತಿ,” ಎಂದರು ಅಪ್ಪ.

ಆ ಹಬ್ಬಕ್ಕೆ ಪಟ್ಟಾ ಪೂಜೆಗೆ ಕೂತಿತು. ಆದರೆ ಅಪ್ಪ ಕುಂಕುಮ ಹಚ್ಚಿದ್ದು ಕೈಗವಸಿಗೆ ಮಾತ್ರ; ಅಲಗು ಶುರುವಾಗುವಲ್ಲಿ ಬೆರಳು ನಿಂತಿತು. ಮರುವರ್ಷವೂ ಅಷ್ಟೇ. ನಾನು ಅಲಗಿಗೆ ಎಣ್ಣೆ ಹಚ್ಚುವುದನ್ನು ಬಿಡಲಿಲ್ಲ. ಮೂರನೇ ವರ್ಷ ಅವ್ವ ಕುಂಕುಮದ ಬಟ್ಟಲು ಹಿಡಿದು ಅಲ್ಲೇ ನಿಂತಳು, ಸರಿಯಲಿಲ್ಲ. ಅಪ್ಪ ಮತ್ತೊಮ್ಮೆ ಬೆರಳು ಅದ್ದಿ, ಆ ಅಕ್ಷರಗಳ ಪಕ್ಕದಲ್ಲಿ ಒಂದು ಬೊಟ್ಟು ಇಟ್ಟರು.

ಆ ಅಕ್ಷರ ಓದಲು ನನಗೆ ಇಂದಿಗೂ ಬಂದಿಲ್ಲ. ನಿಮ್ಮ ಜಂತಿಯಲ್ಲೂ ಇಂಥದ್ದೇನಾದರೂ ಉಳಿದಿದ್ದರೆ, ಅದಕ್ಕಾಗಿ ಮನೆಯಲ್ಲಿ ಯಾರು ಹಟ ಹಿಡಿದರು ಎಂದು ನೀವೂ ಬರೆಯಿರಿ, ನಿಧಾನವಾಗಿಯಾದರೂ ಓದುತ್ತೇನೆ.